ತಪ್ಪು ನನ್ನದೇ, ಡಾಕ್ಟರೇ?

ಪ್ಯಾರಿಸ್ ನಗರದ ರೋಬೇರ್ ದೆಬ್ರೆ ಆಸ್ಪತ್ರೆಯ ಒಂದು ಕೊಠಡಿ. ಮಕ್ಕಳ ಮನೋವೈದ್ಯೆಯ ಎದುರು ತಾಯಿಯೊಬ್ಬಳು ಕುಳಿತಿದ್ದಾಳೆ. ಅವಳ ಏಳು ವರ್ಷದ ಮಗು ಹುಟ್ಟಿದ್ದು ಗಂಡಾಗಿ. ಆದರೆ ನಾಲ್ಕು ಮಾತು ಜೋಡಿಸಿ ಆಡಲು ಕಲಿತಾಗಿನಿಂದ ಅದು ತಾನು ಹುಡುಗಿ ಎಂದೇ ಹೇಳುತ್ತ ಬಂದಿದೆ. ಬಹಳ ದಿನಗಳಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ತಾಯಿ ಕೊನೆಗೂ ಕೇಳುತ್ತಾಳೆ. ಬಸುರಿಯಾಗಿದ್ದಾಗ ಹೆಣ್ಣುಮಗುವೇ ಬೇಕೆಂದು ತುಂಬ ಆಸೆಪಟ್ಟಿದ್ದೆ, ಅದರಿಂದ ಹೀಗಾಯಿತೇ? ವೈದ್ಯೆ ಇಲ್ಲವೆನ್ನುತ್ತಾರೆ. ಇದು ಏಕೆ ಆಗುತ್ತದೆಂದು ನಮಗೆ ಗೊತ್ತಿಲ್ಲ, ಆದರೆ ತಾಯಿಯ ಆಸೆಯಿಂದ ಆಗುವುದಿಲ್ಲವೆಂಬುದು ಗೊತ್ತು ಎಂದು ಬಿಡಿಸಿ ಹೇಳುತ್ತಾರೆ. ಆ ತಾಯಿಯ ಎದೆಯ ಮೇಲಿಂದ ಕಲ್ಲು ಇಳಿದದ್ದು ಅವಳ ಮುಖದಲ್ಲೇ ಕಾಣುತ್ತದೆ.

ಇದು ಕಥೆಯಲ್ಲ. ಫ್ರಾನ್ಸಿನ ನಿರ್ದೇಶಕ ಸೆಬಾಸ್ಟಿಯನ್ ಲಿಫ್‌ಶಿಟ್ಸ್ ಅವರು ತೆಗೆದ ‘ಪೆತೀತ್ ಫಿಯ್’, ಅಂದರೆ ‘ಪುಟ್ಟ ಹುಡುಗಿ’, ಎಂಬ ಸಾಕ್ಷ್ಯಚಿತ್ರದ ದೃಶ್ಯ. 2020ರ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ನಾನು ನೋಡಿದ್ದು ತೀರ ತಡವಾಗಿ, ಗೆಳೆಯರೊಬ್ಬರ ಮನೆಯಲ್ಲಿ. ಈ ಅಂಕಣದಲ್ಲಿ ಸಿನಿಮಾದ ಬಗ್ಗೆ ಬರೆಯುವುದು ನನ್ನ ರೂಢಿಯಲ್ಲ. ಆದರೆ ಆ ತಾಯಿಯ ಪ್ರಶ್ನೆ ನನಗೆ ಹೊಸದೇನೂ ಅಲ್ಲ. ಮಗುವಿಗೆ ಸೀಳುತುಟಿ ಇರಲಿ, ಮೂರ್ಛೆ ಬರಲಿ, ಮಾತು ತಡವಾಗಲಿ, ನಮ್ಮ ತಾಯಂದಿರು ಕೇಳುವುದೂ ಇದನ್ನೇ. ‘ಗ್ರಹಣದ ದಿನ ಹೊರಗೆ ಬಂದಿದ್ದೆ ಡಾಕ್ಟ್ರೇ, ಅದಕ್ಕೇನಾ?’ ‘ಪರಂಗಿಹಣ್ಣು ತಿಂದಿದ್ದೆ, ಅದಕ್ಕಾ?’ ಅತ್ತೆಯೋ ನಾದಿನಿಯೋ ಆಡಿದ ಮಾತು ಆ ಪ್ರಶ್ನೆಯ ಹಿಂದೆ ಇದ್ದೇ ಇರುತ್ತದೆ. ಅಪ್ಪಂದಿರು ಹೀಗೆ ಕೇಳಿದ್ದನ್ನು ನಾನು ಕಂಡದ್ದು ಅಪರೂಪ.

ಚಿತ್ರದ ಆ ಮಗು, ಮೂರು ವರ್ಷದ ಆಸುಪಾಸಿನಲ್ಲಿ, ದೊಡ್ಡದಾದ ಮೇಲೆ ನಾನು ಹುಡುಗಿಯಾಗುತ್ತೇನೆ ಎಂದಿತ್ತಂತೆ. ಇಲ್ಲ, ನೀನು ಎಂದೂ ಹುಡುಗಿಯಾಗುವುದಿಲ್ಲ ಎಂದು ತಾಯಿ ಸಹಜವಾಗಿಯೇ ಹೇಳಿದಳು. ಆಗ ಮಗು ಅತ್ತದ್ದು ಆಟದ ಸಾಮಾನಿಗೆ ಹಠ ಹಿಡಿದ ಅಳುವಾಗಿರಲಿಲ್ಲ. ಬದುಕೇ ಮುಗಿದುಹೋಯಿತೆನ್ನುವಂತೆ ಅತ್ತಿತು. ಅಂದಿನಿಂದ ತಾಯಿ ಮಗುವಿನ ಮಾತಿಗೆ ಕಿವಿಗೊಟ್ಟಳು. ತಂದೆ ಹೆಚ್ಚು ಮಾತಿನವನಲ್ಲ. ಇದು ನನ್ನ ಮಗು, ಅದರಲ್ಲಿ ಕೇಳುವಂಥದ್ದೇನಿದೆ ಎನ್ನುವ ಜಾತಿ. ಒಡಹುಟ್ಟಿದವರೂ ಅದರ ಪರ. ಮನೆಯಲ್ಲಿ ಫ್ರಾಕು, ಗೊಂಬೆ, ಉದ್ದ ಕೂದಲು. ಮನೆಯ ಹೊಸಿಲು ದಾಟಿದರೆ ಮಾತ್ರ ಕಷ್ಟ. ಶಾಲೆಯವರು ಹುಡುಗನೆಂದೇ ಬರಬೇಕು, ಹುಡುಗನೆಂದೇ ಕರೆಯುತ್ತೇವೆ ಎನ್ನುತ್ತಾರೆ. ನೃತ್ಯದ ತರಗತಿಯಲ್ಲಿ ಉಳಿದ ಹುಡುಗಿಯರಿಗೆಲ್ಲ ಒಂದು ಬಗೆಯ ಉಡುಪು, ಇದಕ್ಕೆ ಬೇರೆ. ಶಾಲೆಯಲ್ಲಿ ಹೇಗಿದೆ ಎಂದು ಮನೋವೈದ್ಯೆ ಕೇಳಿದಾಗ ಮಗು ಉತ್ತರ ಕೊಡುವುದಿಲ್ಲ. ಕಣ್ಣು ತುಂಬಿಕೊಳ್ಳುತ್ತದೆ, ಅಳಬಾರದೆಂದು ತುಟಿ ಬಿಗಿಹಿಡಿಯುತ್ತದೆ, ಆಮೇಲೆ ಸೋಲುತ್ತದೆ. ಇಪ್ಪತ್ತು ವರ್ಷದಿಂದ ಅಳುವ ಮಕ್ಕಳನ್ನು ನೋಡುತ್ತಿರುವವನು ನಾನು. ಆ ದೃಶ್ಯವನ್ನು ಕೂತು ನೋಡುವುದು ನನಗೂ ಸುಲಭವಾಗಲಿಲ್ಲ.

ನಮ್ಮ ಕನ್ನಡದಲ್ಲಿ ‘ಮಗು ಬಂತು, ಮಗು ಊಟ ಮಾಡಿತು’ ಎಂದು ಹೇಳಿ ಈ ತೊಡಕಿನಿಂದ ಸ್ವಲ್ಪ ಹೊತ್ತು ಪಾರಾಗಬಹುದು. ಮೇಲೆ ನಾನು ಮಾಡಿರುವುದೂ ಅದನ್ನೇ. ಫ್ರೆಂಚರಿಗೆ ಆ ಅನುಕೂಲವಿಲ್ಲ. ಅವನು ಎನ್ನಬೇಕು, ಇಲ್ಲವೇ ಅವಳು ಎನ್ನಬೇಕು. ‘ಸುಂದರ’ ಎಂಬ ಗುಣವಾಚಕವೂ ಗಂಡಿಗೊಂದು, ಹೆಣ್ಣಿಗೊಂದು. ಶಾಲೆಯ ಜಗಳವೆಲ್ಲ ಆ ಒಂದು ಪುಟ್ಟ ಪದದ ಸುತ್ತ. ಇನ್ನು ಮುಂದೆ ನಾನೂ ಅವಳು ಎಂದೇ ಬರೆಯುತ್ತೇನೆ.

ಇದು ಯಾವ ರೋಗ?

ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಹಾಕಲಾಯಿತು. ಲೈಂಗಿಕ ಆರೋಗ್ಯಕ್ಕೆ ಸಂಬಂಧಿಸಿದ ಬೇರೆ ಅಧ್ಯಾಯದಲ್ಲಿ ಇಟ್ಟರು. ಪೂರ್ತಿ ಏಕೆ ಕೈಬಿಡಲಿಲ್ಲವೆಂದರೆ, ಇಂಥವರಿಗೆ ವೈದ್ಯರ ನೆರವು ಬೇಕಾದಾಗ ಕಾಗದದ ಮೇಲೆ ಬರೆಯಲು ಒಂದು ಹೆಸರು ಬೇಕಲ್ಲ, ಅದಕ್ಕೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬಸಿರಿನ ಮೊದಲ ಆರು ವಾರ ಗಂಡು ಭ್ರೂಣಕ್ಕೂ ಹೆಣ್ಣು ಭ್ರೂಣಕ್ಕೂ ಮೈಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ವೈ ವರ್ಣತಂತು ಇರುವ ಭ್ರೂಣದಲ್ಲಿ ವೃಷಣಗಳು ರೂಪುಗೊಂಡು ಟೆಸ್ಟೋಸ್ಟಿರೋನ್ ಸ್ರವಿಸತೊಡಗುತ್ತವೆ, ಮೈ ಗಂಡಾಗುತ್ತ ಹೋಗುತ್ತದೆ. ಹೆರಿಗೆಯ ಕೋಣೆಯಲ್ಲಿ ನರ್ಸಮ್ಮ ನೋಡಿ ಹೇಳುವುದು ಈ ಮೈಯನ್ನು. ಆದರೆ ‘ನಾನು ಯಾರು’ ಎಂಬ ಒಳಗಿನ ಅರಿವು ಮೆದುಳಿನಲ್ಲಿದೆ. ಎರಡೂವರೆ, ಮೂರು ವರ್ಷದ ಮಗುವನ್ನು ಕೇಳಿ ನೋಡಿ, ನಾನು ಹುಡುಗ, ನಾನು ಹುಡುಗಿ ಎಂದು ಅನುಮಾನವಿಲ್ಲದೆ ಹೇಳುತ್ತದೆ. ಅದನ್ನು ಯಾರೂ ಕೂರಿಸಿಕೊಂಡು ಪಾಠ ಹೇಳಿರುವುದಿಲ್ಲ. ಬಹುಪಾಲು ಮಕ್ಕಳಲ್ಲಿ ಮೈಯೂ ಈ ಅರಿವೂ ಹೊಂದಿಕೊಂಡಿರುತ್ತವೆ. ಕೆಲವರಲ್ಲಿ ಹೊಂದುವುದಿಲ್ಲ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ಇದರಲ್ಲಿ ಅನುವಂಶೀಯತೆಗೆ ಒಂದು ಪಾಲು ಇರಬಹುದೆಂದು ಸೂಚಿಸಿವೆ, ಅಷ್ಟೆ. ತಾಯಿಯ ಬಯಕೆ, ತಂದೆಯ ಸಲಿಗೆ, ಅಕ್ಕತಂಗಿಯರ ನಡುವೆ ಬೆಳೆದದ್ದು, ಶಾಲೆಯ ನಾಟಕದಲ್ಲಿ ಸೀತೆಯ ಪಾತ್ರ ಮಾಡಿದ್ದು ಇವುಗಳಿಂದ ಹೀಗಾಗುತ್ತದೆಂಬುದಕ್ಕೆ ಆಧಾರವಿಲ್ಲ.

ಹುಟ್ಟುವಾಗಲೇ ಜನನಾಂಗ ಗಂಡೋ ಹೆಣ್ಣೋ ಎಂದು ಸ್ಪಷ್ಟವಾಗದಿರುವ ಮಕ್ಕಳ ವಿಷಯ ಬೇರೆ. ಅದಕ್ಕೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕಾಗುತ್ತವೆ. ಚಿತ್ರದ ಹುಡುಗಿಯಂಥ ಮಕ್ಕಳ ಮೈಯಲ್ಲಿ ಯಾವ ನ್ಯೂನತೆಯೂ ಇರುವುದಿಲ್ಲ. ಹಾಗಾಗಿ ‘ಎಲ್ಲ ಟೆಸ್ಟೂ ನಾರ್ಮಲ್ ಬಂದಿದೆ, ಆದರೂ ಹೀಗೇಕೆ’ ಎಂಬ ಪ್ರಶ್ನೆಗೆ ಅರ್ಥವಿಲ್ಲ.

‘ನನ್ನ ಮಗನೂ ಅವಳ ಅಮ್ಮನ ಸೀರೆ ಸುತ್ತಿಕೊಳ್ಳುತ್ತಾನೆ, ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಾನೆ’ ಎಂದು ಈಗಾಗಲೇ ಗಾಬರಿಯಾಗಿರುವ ತಂದೆಯರೇ, ಸಮಾಧಾನ. ಮಕ್ಕಳು ಆಡುತ್ತಾರೆ. ಹುಡುಗರು ಅಡುಗೆ ಆಟ ಆಡುತ್ತಾರೆ, ಹುಡುಗಿಯರು ಮರ ಹತ್ತುತ್ತಾರೆ. ಆಟ, ಉಡುಪು, ಗೆಳೆಯರ ಆಯ್ಕೆ ಇವಿಷ್ಟನ್ನೇ ನೋಡಿ ನಿರ್ಧರಿಸಕೂಡದೆಂದು ಮೇಲೆ ಹೇಳಿದ ವರ್ಗೀಕರಣದಲ್ಲೇ ಬರೆದಿದೆ. ಮಗು ‘ನನಗೆ ಫ್ರಾಕು ಇಷ್ಟ’ ಎನ್ನುವುದು ಬೇರೆ, ‘ನಾನು ಹುಡುಗಿ’ ಎನ್ನುವುದು ಬೇರೆ. ಎರಡನೆಯದನ್ನು ಸುಮಾರು ಎರಡು ವರ್ಷವಾದರೂ ಬಿಡದೆ ಹೇಳುತ್ತ ಬಂದು, ತನ್ನ ಮೈಯ ಬಗ್ಗೆ ಅಸಹ್ಯ ಪಡುತ್ತ, ಅದರಿಂದ ನೋಯುತ್ತಿದ್ದರೆ ಆಗ ತಜ್ಞರು ಯೋಚಿಸುತ್ತಾರೆ.

ನಾನು ಕೇಳದೆ ಬಿಟ್ಟದ್ದು

ಹದಿನೈದು ವರ್ಷದ ಹಿಂದಿನ ಮಾತು. ದಿನಸಿ ಅಂಗಡಿ ಇಟ್ಟಿದ್ದ ದಂಪತಿಗಳು ಎಂಟು ವರ್ಷದ ಮಗನನ್ನು ನನ್ನ ಶಾಪಿಗೆ ಕರೆತಂದರು. ಕಿಬ್ಬೊಟ್ಟೆ ನೋವು, ಉರಿಮೂತ್ರ. ಪರೀಕ್ಷೆಯಲ್ಲಿ ಮೂತ್ರದ ಸೋಂಕು ಕಂಡಿತು, ಔಷಧಿ ಬರೆದೆ, ವಾಸಿಯಾಯಿತು. ಎರಡು ತಿಂಗಳಿಗೆ ಮತ್ತೆ ಬಂದರು, ಮತ್ತೆ ಅದೇ. ಗಂಡುಮಕ್ಕಳಲ್ಲಿ ಆ ವಯಸ್ಸಿಗೆ ಹೀಗೆ ಮರುಕಳಿಸುವುದು ಸಾಮಾನ್ಯವಲ್ಲವೆಂದು ಸ್ಕ್ಯಾನಿಂಗ್ ಮಾಡಿಸಿದೆ. ಮೂತ್ರಪಿಂಡ ಚೆನ್ನಾಗಿತ್ತು. ಆಗ ಆ ತಾಯಿ ತಲೆ ತಗ್ಗಿಸಿ ಹೇಳಿದರು, ‘ಸ್ಕೂಲಲ್ಲಿ ಬಾತ್‌ರೂಮಿಗೇ ಹೋಗಲ್ಲ ಡಾಕ್ಟ್ರೇ, ಬೆಳಗ್ಗೆಯಿಂದ ಸಾಯಂಕಾಲದವರೆಗೂ ಕಟ್ಕೊಂಡಿರುತ್ತೆ. ಗಂಡುಹುಡುಗರ ಜೊತೆ ಹೋಗಕ್ಕೆ ಆಗಲ್ವಂತೆ. ಮನೇಲಿ ಅವರಕ್ಕನ ಲಂಗ ಹಾಕ್ಕೊಂಡೇ ಇರುತ್ತೆ.’ ತಂದೆ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದರು. ಹೊರಗೆ ರೋಗಿಗಳ ಸಾಲಿತ್ತು. ನಾನು, ‘ವಯಸ್ಸಾದ ಮೇಲೆ ಸರಿಹೋಗುತ್ತೆ, ಹುಡುಗರ ಜೊತೆ ಕ್ರಿಕೆಟ್ಟಿಗೆ ಕಳಿಸಿ, ನೀರು ಹೆಚ್ಚು ಕುಡಿಸಿ’ ಎಂದೆ. ಅವರು ಮತ್ತೆ ಬರಲಿಲ್ಲ. ಹುಡುಗನನ್ನು ದೂರದ ಹಾಸ್ಟೆಲಿಗೆ ಸೇರಿಸಿದರೆಂದು ಆಮೇಲೆ ಯಾರೋ ಹೇಳಿದರು.

ಆ ಮಗು ಚಿತ್ರದ ಹುಡುಗಿಯಂಥದ್ದೇ ಆಗಿತ್ತೆಂದು ನಾನು ಹೇಳಲಾರೆ. ಹೇಳಬೇಕಾದರೆ ಅದರ ಹತ್ತಿರ ಮಾತನಾಡಿರಬೇಕಿತ್ತು. ಮೂತ್ರ ಕೇಳಿದೆ, ರಕ್ತ ಕೇಳಿದೆ, ಸ್ಕ್ಯಾನಿಂಗ್ ಕೇಳಿದೆ. ಮಗುವನ್ನೇ ಏನೂ ಕೇಳಲಿಲ್ಲ.

ಏಳು ವರ್ಷದ ಮಗುವಿಗೆ ಏನು ಚಿಕಿತ್ಸೆ?

ಇಂಥ ಚಿತ್ರ ನೋಡಿದವರಿಗೆ ಮೊದಲು ಬರುವ ಅನುಮಾನ, ಅಷ್ಟು ಸಣ್ಣ ಮಗುವಿಗೆ ಹಾರ್ಮೋನು ಚುಚ್ಚುತ್ತಾರೆಯೇ, ಆಪರೇಷನ್ ಮಾಡುತ್ತಾರೆಯೇ ಎಂಬುದು. ಇಲ್ಲ. ಪ್ರಾಯ ಬರುವ ಮುನ್ನ ಇದಕ್ಕೆ ಮಾತ್ರೆಯಿಲ್ಲ, ಇಂಜಕ್ಷನ್ ಇಲ್ಲ, ಶಸ್ತ್ರಕ್ರಿಯೆಯಂತೂ ಇಲ್ಲವೇ ಇಲ್ಲ. ಪ್ಯಾರಿಸ್ಸಿನ ಆ ವೈದ್ಯೆ ಬರೆದುಕೊಟ್ಟದ್ದು ಶಾಲೆಗೆ ಒಂದು ಪತ್ರ. ಆ ಪತ್ರ ಹಿಡಿದು ತಾಯಿ ತಿಂಗಳುಗಟ್ಟಲೆ ಓಡಾಡಿದ ಮೇಲೆ ಶಾಲೆ ಒಪ್ಪಿತು, ಹುಡುಗಿ ಹುಡುಗಿಯಾಗಿಯೇ ತರಗತಿಗೆ ಹೋದಳು. ಹೆಸರು, ಬಟ್ಟೆ, ಕೂದಲು, ಕರೆಯುವ ರೀತಿ ಇವೆಲ್ಲ ನಾಳೆ ಬೇಕೆಂದರೆ ಬದಲಾಯಿಸಬಹುದಾದವು.

ತಲೆನೋವಿನ ಪ್ರಶ್ನೆ ಬರುವುದು ಹತ್ತು, ಹನ್ನೆರಡು ವರ್ಷಕ್ಕೆ. ಪ್ರಾಯ ಬರುವುದು ಹೇಗೆ? ಮೆದುಳಿನ ಹೈಪೊಥಲಾಮಸ್ ಭಾಗ ಒಂದು ಹಾರ್ಮೋನನ್ನು ಬಿಟ್ಟುಬಿಟ್ಟು, ತಾಳ ಹಾಕಿದಂತೆ, ಪಿಟ್ಯುಟರಿ ಗ್ರಂಥಿಗೆ ಕಳಿಸುತ್ತದೆ. ಪಿಟ್ಯುಟರಿ ಎಚ್ಚೆತ್ತು ವೃಷಣಕ್ಕೋ ಅಂಡಾಶಯಕ್ಕೋ ಅಪ್ಪಣೆ ಕೊಡುತ್ತದೆ. ಮೀಸೆ, ಒಡೆದ ದನಿ, ಎದೆ, ಮುಟ್ಟು ಎಲ್ಲ ಅಲ್ಲಿಂದ. ಆ ಹಾರ್ಮೋನನ್ನೇ ಹೋಲುವ ಔಷಧಿಯನ್ನು ಬಿಡುವಿಲ್ಲದೆ ಮೈಯಲ್ಲಿ ಇರುವಂತೆ ಕೊಟ್ಟರೆ ತಾಳ ತಪ್ಪಿ ಪಿಟ್ಯುಟರಿ ಸುಮ್ಮನಾಗುತ್ತದೆ, ಪ್ರಾಯ ನಿಲ್ಲುತ್ತದೆ. ಐದಾರು ವರ್ಷಕ್ಕೇ ಮೈನೆರೆಯುವ ಹೆಣ್ಣುಮಕ್ಕಳಿಗೆ 1980ರ ದಶಕದಿಂದ ಕೊಡುತ್ತಿರುವ ಔಷಧಿ ಇದು. ಇಂಥ ಹದಿಹರೆಯದವರಿಗೆ ಕೊಡಲು ಮೊದಲು ಮಾಡಿದವರು ನೆದರ್ಲೆಂಡ್ಸಿನ ವೈದ್ಯರು, 1990ರ ದಶಕದಲ್ಲಿ.

ಇದು ಸರಿಯೇ ಎಂಬುದರಲ್ಲಿ ವೈದ್ಯರೇ ಎರಡು ಪಾಲಾಗಿದ್ದಾರೆ, ಓದುಗರಿಂದ ಅದನ್ನು ಮುಚ್ಚಿಡುವುದು ನನಗೆ ಸರಿಕಾಣದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಇಂಥ ಆರೈಕೆಯನ್ನು ಬೆಂಬಲಿಸಿತು. 2020ರಲ್ಲಿ ಫಿನ್ಲೆಂಡ್, 2022ರಲ್ಲಿ ಸ್ವೀಡನ್ ಬಿಗಿ ಮಾಡಿದವು. ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಅವರ ವರದಿ 2024ರ ಏಪ್ರಿಲ್‌ನಲ್ಲಿ ಬಂದು, ಈ ಔಷಧಿಯ ಪರವಾಗಿರುವ ಸಾಕ್ಷ್ಯ ದುರ್ಬಲವೆಂದಿತು. ಅದೇ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಹದಿನೆಂಟರ ಒಳಗಿನವರಿಗೆ ಇದನ್ನು ಹೊಸದಾಗಿ ಬರೆಯುವುದಕ್ಕೆ ಅನಿರ್ದಿಷ್ಟ ತಡೆ ಹಾಕಿತು. ಮೂಳೆಯ ಸಾಂದ್ರತೆ ಕಡಿಮೆಯಾಗುವುದು, ಮುಂದೆ ಮಕ್ಕಳಾಗುವ ಸಾಮರ್ಥ್ಯಕ್ಕೆ ಧಕ್ಕೆ, ಇವು ಮುಖ್ಯ ಆತಂಕಗಳು. ಇನ್ನೊಂದು ಪಕ್ಷದವರು, ಬೇಡದ ಪ್ರಾಯ ಮೈಮೇಲೆ ಬರುವಾಗ ಆ ಮಕ್ಕಳು ಪಡುವ ಹಿಂಸೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುತ್ತಾರೆ. ನಾನು ಎಂಬಿಬಿಎಸ್ ವೈದ್ಯ. ಈ ವ್ಯಾಜ್ಯದ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಆದರೆ ಇದು ಹದಿಹರೆಯದವರ ಔಷಧಿಯ ಬಗೆಗಿನ ವ್ಯಾಜ್ಯ. ಇದನ್ನು ಮುಂದಿಟ್ಟುಕೊಂಡು ಏಳು ವರ್ಷದ ಮಗುವಿಗೆ ಹೊಡೆಯುವುದಕ್ಕೆ ಯಾವ ವರದಿಯಲ್ಲೂ ಅನುಮತಿ ಇಲ್ಲ.

ಹೊಡೆಯುವುದು ಎಂದೆನಲ್ಲ, ಉತ್ಪ್ರೇಕ್ಷೆಯಲ್ಲ. ಇಂಥ ಮಕ್ಕಳಿಗೆ ನಮ್ಮಲ್ಲಿ ನಡೆಯುವ ‘ಚಿಕಿತ್ಸೆ’ ಏನೆಂದು ನಿಮಗೂ ಗೊತ್ತು: ಬೆಲ್ಟು, ತಲೆ ಬೋಳಿಸುವುದು, ದೆವ್ವ ಬಿಡಿಸುವುದು, ಗಂಡಸುತನ ಬರಲೆಂದು ಚುಚ್ಚುಮದ್ದು. ಈ ಕೊನೆಯದರ ಬಗ್ಗೆ ಒಂದು ಮಾತು. ಪ್ರಾಯಕ್ಕೆ ಬಾರದ ಹುಡುಗನಿಗೆ ಟೆಸ್ಟೋಸ್ಟಿರೋನ್ ಚುಚ್ಚಿದರೆ ಎಲುಬಿನ ತುದಿಯ ಬೆಳೆಯುವ ಭಾಗ ಬೇಗ ಮುಚ್ಚಿಹೋಗಿ ಮಗು ಕುಳ್ಳಾಗಿ ಉಳಿಯಬಹುದು. ಮನಸ್ಸಿನ ಅರಿವು ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ. ಬಲವಂತದಿಂದ ‘ಸರಿಪಡಿಸುವ’ ಚಿಕಿತ್ಸೆಗಳನ್ನು ವೃತ್ತಿ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆದು ತಿಳಿಸಿತು. ಅಂದರೆ ಹಾಗೆ ಮಾಡುವ ಡಾಕ್ಟರ ಮೇಲೆ ದೂರು ಕೊಡಬಹುದು.

ಮನೆಯವರು ಜೊತೆಗಿದ್ದರೆ

ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಓಲ್ಸನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಮನೆಯವರು ಒಪ್ಪಿಕೊಂಡು, ತಾವು ಹೇಳುವ ಲಿಂಗದಲ್ಲೇ ಬೆಳೆಯಲು ಬಿಟ್ಟ 3ರಿಂದ 12 ವರ್ಷದ 73 ಮಕ್ಕಳನ್ನು ನೋಡಿದರು. ಖಿನ್ನತೆ ಉಳಿದ ಮಕ್ಕಳಲ್ಲಿ ಇರುವಷ್ಟೇ ಇತ್ತು, ಕಳವಳ ಕೊಂಚ ಹೆಚ್ಚು. ಇಂಥವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಬಹಳ ಹೆಚ್ಚೆಂದು ಓದಿಕೊಂಡು ಬಂದ ನಮಗೆ ಇದು ಹೊಸ ಸುದ್ದಿಯಾಗಿತ್ತು. ಆ ಮನೆಗಳು ಓದಿದ, ಅನುಕೂಲಸ್ಥರ ಮನೆಗಳಾಗಿದ್ದವೆಂಬುದನ್ನೂ ಸೇರಿಸಿಯೇ ಓದಬೇಕು.

‘ಇಂದು ಹುಡುಗಿ ಎಂದವನು ನಾಳೆ ಹುಡುಗ ಎಂದರೆ?’ ನ್ಯಾಯವಾದ ಪ್ರಶ್ನೆ. ಅದೇ ತಂಡ 2022ರಲ್ಲಿ 317 ಮಕ್ಕಳನ್ನು ಸುಮಾರು ಐದು ವರ್ಷದ ನಂತರ ನೋಡಿದಾಗ ನೂರಕ್ಕೆ 94 ಮಂದಿ ಅದೇ ಮಾತಿನಲ್ಲಿದ್ದರು. ಅದಕ್ಕೂ ಹಿಂದಿನ ಕೆಲವು ಅಧ್ಯಯನಗಳಲ್ಲಿ ದೊಡ್ಡವರಾದ ಮೇಲೆ ಮಾತು ಬದಲಿಸಿದವರೇ ಹೆಚ್ಚು. ಆಗ ಬರಿಯ ಹೆಣ್ಣಿಗತನದ ಹುಡುಗರನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದರೆಂಬ ಆಕ್ಷೇಪವಿದೆ. ಬದಲಾದರೆ ಬದಲಾಗಲಿ. ಮಗು ವಾಪಸು ಬರುವ ಬಾಗಿಲನ್ನು ಮುಚ್ಚದೆ ಇಟ್ಟರೆ ಸಾಕು. ‘ಒಮ್ಮೆ ಹೇಳಿದ್ದೀಯ, ಇನ್ನು ಹಾಗೇ ಇರಬೇಕು’ ಎಂದು ಒತ್ತುವುದೂ ತಪ್ಪೇ.

ನಮ್ಮ ಮನೆಗಳಲ್ಲಿ ಈ ವಿಷಯ ಬಂದೊಡನೆ ತಂದೆತಾಯಿಯರ ಕಣ್ಣಮುಂದೆ ಬರುವುದು ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟುವ ಕೈ. ಮಗ ಅಲ್ಲಿಗೆ ಹೋಗಬಾರದೆಂದೇ ಹೊಡೆಯುತ್ತಾರೆ. ಆದರೆ ಅಲ್ಲಿ ನಿಂತವರನ್ನು ಕೇಳಿ ನೋಡಿ, ಮನೆಯಿಂದ ಹೊರದಬ್ಬಿದ ಕಥೆಯನ್ನೇ ಹೆಚ್ಚಿನವರು ಹೇಳುತ್ತಾರೆ. ಮಂಜಮ್ಮ ಜೋಗತಿಯವರನ್ನು ನೀವು ಬಲ್ಲಿರಿ. ಹದಿಹರೆಯದಲ್ಲಿ ಮನೆಯವರು ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಮುತ್ತು ಕಟ್ಟಿಸಿದ್ದನ್ನು, ಆಮೇಲೆ ಮನೆ ತಪ್ಪಿದ್ದನ್ನು, ಜೀವ ಕಳೆದುಕೊಳ್ಳಲು ಹೋಗಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಜೋಗತಿ ನೃತ್ಯ ಕಲಿಸಿ ಕೈ ಹಿಡಿದವರು ಮನೆಯವರಲ್ಲ, ಹೊರಗಿನವರು. ಎಲ್ಲ ಮಕ್ಕಳಿಗೂ ಹಾಗೆ ಹೊರಗಿನವರು ಸಿಗುವುದಿಲ್ಲ. 2019ರಲ್ಲಿ ಸಂಸತ್ತು ಮಾಡಿದ ಕಾಯಿದೆಯಲ್ಲಿ, ಲಿಂಗತ್ವ ಅಲ್ಪಸಂಖ್ಯಾತ ಎಂಬ ಕಾರಣಕ್ಕೆ ಮಗುವನ್ನು ನ್ಯಾಯಾಲಯದ ಆಜ್ಞೆಯಿಲ್ಲದೆ ತಂದೆತಾಯಿಯಿಂದ ಬೇರ್ಪಡಿಸಕೂಡದೆಂದು ಬರೆದರು. ಮನೆಯವರೇ ಬೇಡವೆಂದರೆ ಕಾಯಿದೆ ಎಷ್ಟು ಮಾಡೀತು?

ನಿಮ್ಮ ಮನೆಯಲ್ಲಿ ಅಥವಾ ಬಂಧುಗಳಲ್ಲಿ ಇಂಥ ಮಗುವಿದ್ದರೆ ಮೊದಲು ಅದನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಿ, ನಡುವೆ ಬಾಯಿ ಹಾಕಬೇಡಿ. ಹೌದು ಎನ್ನಬೇಕಿಲ್ಲ, ಅಲ್ಲ ಎನ್ನಬೇಕಿಲ್ಲ, ಕೇಳಿಸಿಕೊಂಡಿದ್ದೇನೆ ಎಂದರೆ ಆ ದಿನಕ್ಕೆ ಸಾಕು. ಅಜ್ಜಿ ತಾತಂದಿರಿಗೆ ನಿಧಾನವಾಗಿ ಹೇಳಿ. ನಾವು ಅಂದುಕೊಂಡದ್ದಕ್ಕಿಂತ ಬೇಗ ಒಪ್ಪಿದ ಅಜ್ಜಿಯರಿದ್ದಾರೆ. ಮಕ್ಕಳ ಮನೋವೈದ್ಯರನ್ನು ಬೇಗ ಕಾಣಿ. ಔಷಧಿಯ ಬಗ್ಗೆ ಅಷ್ಟು ಬಿಗಿಯಾಗಿ ಮಾತನಾಡಿದ ಕ್ಯಾಸ್ ವರದಿಯೂ ಚಿಕ್ಕ ಮಕ್ಕಳನ್ನು ಅನುಭವಿ ತಜ್ಞರು ಆದಷ್ಟು ಬೇಗ ನೋಡಬೇಕೆಂದೇ ಹೇಳಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಯವರೆಗೆ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗು ಊಟ ಬಿಟ್ಟರೆ, ಶಾಲೆಗೆ ಹೋಗಲು ದಿನವೂ ಹೆದರಿದರೆ, ಸಾಯುವ ಮಾತಾಡಿದರೆ ನಾಳೆ ಎನ್ನಬೇಡಿ.

ಶಾಲೆಯಲ್ಲಿ ಮೊದಲು ಕೇಳಬೇಕಾದದ್ದು ಶೌಚಾಲಯ. ಟೀಚರುಗಳ ಶೌಚಾಲಯದ ಬೀಗದ ಕೈ ಕೊಡಿಸಿದರೂ ಆಯಿತು, ಮಿಕ್ಕ ಮಕ್ಕಳು ಪಾಠದಲ್ಲಿರುವಾಗ ಐದು ನಿಮಿಷ ಬಿಟ್ಟರೂ ಆಯಿತು. ಹೆಡ್‌ಮಾಸ್ಟರು ಡಾಕ್ಟರ ಚೀಟಿ ತನ್ನಿ ಎನ್ನುತ್ತಾರೆ. ನಿಮ್ಮ ಊರಿನ ಯಾವ ಎಂಬಿಬಿಎಸ್ ವೈದ್ಯರಾದರೂ ಬರೆಯಬಹುದಾದ ಚೀಟಿ ಅದು: ಈ ಮಗು ಮೂತ್ರ ಕಟ್ಟಿಕೊಳ್ಳಕೂಡದು, ಕೇಳಿದಾಗ ಬೇರೆಯಾಗಿ ಕಳಿಸತಕ್ಕದ್ದು. ನನ್ನ ಶಾಪಿಗೆ ಬಂದರೆ ನಾನು ಬರೆದುಕೊಡುತ್ತೇನೆ. ಅದಕ್ಕೆ ಫೀಸು ಬೇಡ.